ಗಾಜಿನ ಚಪ್ಪಲಿಯ ಬದಲು ಒಂದು ಉಂಗುರ: ಕಿನ್ನರಕಥೆಗಳು ಯಹೂದಿ ಐತಿಹಾಸಿಕ ರೊಮಾನ್ಸ್ ಆಗುವ ಬಗೆ

ಕಿನ್ನರಕಥೆಯನ್ನು ಯಹೂದಿ ಐತಿಹಾಸಿಕ ಪ್ರೇಮ ಕಾದಂಬರಿಯಾಗಿ ಮರುಬರೆಯಲು ಹೊರಟವರಲ್ಲಿ ಬಹಳ ಮಂದಿ ಅಲಂಕಾರಕ್ಕೇ ನಿಂತುಬಿಡುತ್ತಾರೆ. ಮೇಜಿನ ಮೇಲೆ ಎರಡು ಮೇಣದಬತ್ತಿ, ಹೆಣೆದ ಹಲ್ಲಾ ರೊಟ್ಟಿ, ಅಜ್ಜಿಯ ಬಾಯಲ್ಲಿ ನಾಲ್ಕು ಯಿಡ್ಡಿಷ್ ಮಾತು. ಕಥೆ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ನಾಯಕಿ ಯಹೂದಿಯಾಗಿರದಿದ್ದರೂ ಒಂದು ಅಧ್ಯಾಯವನ್ನೂ ಬದಲಿಸಬೇಕಾಗಿರಲಿಲ್ಲ ಅನ್ನಿಸಿದರೆ ಆ ಪುಸ್ತಕವನ್ನು ಧೈರ್ಯವಾಗಿ ಪಕ್ಕಕ್ಕಿಡಬಹುದು.

ಗೆಲ್ಲುವ ಪುಸ್ತಕಗಳ ಕೆಲಸ ಬೇರೆ ರೀತಿಯದು. ಮೂಲದಲ್ಲಿ ಮಾಟಮಂತ್ರ ಎಲ್ಲೆಲ್ಲಿ ಕಥೆಯನ್ನು ಮುಂದಕ್ಕೆ ತಳ್ಳುತ್ತದೋ ಅಲ್ಲಲ್ಲಿ ಮಾಟವನ್ನು ಕಿತ್ತು, ಆ ಕಾಲದ ಆ ಊರಿನ ಒಂದು ನಿಜವಾದ ಕಟ್ಟಳೆಯನ್ನು ಕೂರಿಸುತ್ತವೆ. ಯಹೂದಿ ಧರ್ಮಶಾಸ್ತ್ರವಾದ ಹಲಾಖಾದಲ್ಲೂ ಯುರೋಪಿನ ರಾಜರು ಯಹೂದಿಗಳ ಮೇಲೆ ಹೇರಿದ ಕಾನೂನುಗಳಲ್ಲೂ ಇಂಥ ಕಟ್ಟಳೆಗಳಿಗೆ ಬರವಿಲ್ಲ. ಕೆಲವಂತೂ ಮಾಟಕ್ಕಿಂತ ವಿಚಿತ್ರವಾಗಿವೆ.

ಸಿಂಡ್ರೆಲ್ಲಾಳಿಂದಲೇ ಶುರು ಮಾಡೋಣ, ಅಲ್ಲಿ ಸಿಗುವಷ್ಟು ಸರಕು ಬೇರೆಲ್ಲೂ ಸಿಗುವುದಿಲ್ಲ. ಮೊದಲ ಪ್ರಶ್ನೆ: ಮನೆ ಯಾರದು? ಹಲಾಖಾದ ಪ್ರಕಾರ ಗಂಡುಮಕ್ಕಳಿದ್ದರೆ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ. ಗಂಡುಮಕ್ಕಳಿಲ್ಲದಿದ್ದರೆ ಎಲ್ಲವೂ ಮಗಳಿಗೆ. ಮೋಶೆಯ ಕಾಲದ ಚೆಲೋಫಾದನ ಹೆಣ್ಣುಮಕ್ಕಳ ಪ್ರಕರಣದಲ್ಲಿ ಆದ ತೀರ್ಪು ಇದು. ಅಂದರೆ ಒಬ್ಬಳೇ ಮಗಳಾದ ಸಿಂಡ್ರೆಲ್ಲಾ ಅಪ್ಪ ಸತ್ತ ಗಳಿಗೆಯಿಂದ ಮನೆಯ ಒಡತಿ. ಮಲತಾಯಿ ಆಸ್ತಿಗೆ ವಾರಸುದಾರಳಲ್ಲ, ಆಸ್ತಿಯಿಂದ ಸಾಲ ಬರಬೇಕಾದವಳು: ಮದುವೆಯ ಪತ್ರವಾದ ಕೆತೂಬಾದಲ್ಲಿ ಬರೆದ ಮೊತ್ತ ಅವಳಿಗೆ ಸಲ್ಲಬೇಕು, ಅದನ್ನು ಕೇಳಿ ಪಡೆಯುವವರೆಗೆ ಆಸ್ತಿಯಿಂದ ಜೀವನಾಂಶವೂ ನಡೆಯಬೇಕು. ಅವಳ ಸ್ವಂತ ಹೆಣ್ಣುಮಕ್ಕಳಿಗೆ ಬಿಡಿಗಾಸೂ ಇಲ್ಲ. ಮೂಲಕಥೆಯಲ್ಲಿ ಮಲತಾಯಿಯ ಕ್ರೌರ್ಯಕ್ಕೆ ಕಾರಣವೇ ಇರಲಿಲ್ಲ, ಇಲ್ಲಿ ತಾನಾಗಿ ಸಿಗುತ್ತದೆ. ಹುಡುಗಿಗೆ ತನ್ನ ಹಕ್ಕು ತಿಳಿಯಬಾರದು, ತಿಳಿದರೂ ಅದನ್ನು ರಬ್ಬಿಗಳ ನ್ಯಾಯಪೀಠದ ಮುಂದೆ ಇಡಬಲ್ಲ ಗಂಡ ಸಿಗಬಾರದು. ಕೆತೂಬಾದ ಮೂಲ ಮೊತ್ತ ಕನ್ಯೆಗೆ 200 ಜೂಜ್ (ಹಳೆಯ ಬೆಳ್ಳಿ ನಾಣ್ಯ), ವಿಧವೆಗೆ 100. ಮಲತಾಯಿ ವಿಧವೆಯಾಗಿ ಬಂದವಳು, ಅರ್ಧ ಬೆಲೆಯವಳು. ಎರಡನೇ ಮದುವೆಯ ಕಹಿಯನ್ನು ಹೇಳಲು ಈ ಒಂದು ಅಂಕಿ ಸಾಕು.

ಕಾಲಾನುಕ್ರಮವನ್ನೂ ಇಲ್ಲೇ ಸರಿಮಾಡಿಕೊಳ್ಳಬೇಕು. ಹೆಂಡತಿ ತೀರಿಕೊಂಡವನು ಮತ್ತೆ ಮದುವೆಯಾಗಲು ಮೂರು ಯಾತ್ರಾಹಬ್ಬಗಳು, ಅಂದರೆ ಪಸ್ಕ, ಶಾವೂಓತ್, ಸುಕ್ಕೋತ್ ಕಳೆಯಲಿ ಎಂದು ಕಾಯಬೇಕು. ನೋಡಿಕೊಳ್ಳಬೇಕಾದ ಪುಟ್ಟ ಮಕ್ಕಳಿದ್ದರೆ, ಇಲ್ಲವೇ ಒಬ್ಬ ಮಗನೂ ಒಬ್ಬ ಮಗಳೂ ಇನ್ನೂ ಹುಟ್ಟಿರದಿದ್ದರೆ ಕಾಯಬೇಕಿಲ್ಲ. ಹಾಗಾಗಿ ತಾಯಿ ಸತ್ತ ಎರಡೇ ತಿಂಗಳಿಗೆ ಮಲತಾಯಿ ಬಂದಳು ಎಂದು ಬರೆದರೆ ಈ ಎರಡರಲ್ಲಿ ಒಂದು ಕಾರಣ ಕಥೆಯಲ್ಲಿರಬೇಕು. ಇನ್ನೊಂದು ವಿಷಯ: ತಂದೆ ಅಥವಾ ತಾಯಿಗಾಗಿ ದುಃಖಾಚರಣೆ ಹನ್ನೆರಡು ತಿಂಗಳು. ಅಷ್ಟೂ ಕಾಲ ಸಂಗೀತ, ಕುಣಿತ, ಔತಣ ಯಾವುದೂ ಇಲ್ಲ. ಅಪ್ಪ ಸತ್ತ ಮೂರನೇ ತಿಂಗಳಿಗೆ ನೃತ್ಯಕೂಟಕ್ಕೆ ಹೊರಟ ಸಿಂಡ್ರೆಲ್ಲಾಳನ್ನು ತಡೆಯಲು ಮಲತಾಯಿಯೇ ಬೇಕಿಲ್ಲ, ಅಕ್ಕಪಕ್ಕದವರೇ ಸಾಕು. ಜಾಣ ಲೇಖಕಿಯರು ಇದನ್ನು ಅಡ್ಡಿಯೆಂದು ನೋಡದೆ ಬಳಸಿಕೊಳ್ಳುತ್ತಾರೆ: ಹನ್ನೊಂದು ತಿಂಗಳು ತುಂಬಿದೆ, ಇನ್ನು ಕೆಲವೇ ವಾರ ಉಳಿದಿದೆ, ಆಮಂತ್ರಣ ಬಂದಿದೆ.

ದೇವತೆ ಅಜ್ಜಿಯ ಜಾಗಕ್ಕೆ ನನ್ನ ಅಚ್ಚುಮೆಚ್ಚಿನ ಅಭ್ಯರ್ಥಿ ಆಮ್‌ಸ್ಟರ್‌ಡ್ಯಾಮಿನ ‘ದೋತಾರ್’. ಇದು 1615ರಲ್ಲಿ ಪೋರ್ಚುಗೀಸ್ ಯಹೂದಿಗಳು ಕಟ್ಟಿದ ಸಂಘ. ವೆನಿಸ್ಸಿನಲ್ಲಿ 1613ರಲ್ಲಿ ಹುಟ್ಟಿದ ಇಂಥದೇ ಸಂಘ ಇದಕ್ಕೆ ಮಾದರಿ. ಅನಾಥ ಮತ್ತು ಬಡ ಹುಡುಗಿಯರ ಹೆಸರು ಬರೆದು ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಿದ್ದರು, ಹೆಸರು ಬಂದವಳಿಗೆ ವರದಕ್ಷಿಣೆಯ ಹಣ. ಫ್ರಾನ್ಸಿನಲ್ಲಿ ಕ್ರೈಸ್ತರ ವೇಷದಲ್ಲಿ ಬದುಕುತ್ತಿದ್ದ ಗುಪ್ತ ಯಹೂದಿ ಕುಟುಂಬಗಳ ಹುಡುಗಿಯರೂ ಅರ್ಜಿ ಹಾಕಬಹುದಿತ್ತು. ಷರತ್ತು ಒಂದೇ, ಸುನ್ನತಿಯಾದ ಯಹೂದಿಯನ್ನು ಯಹೂದಿ ವಿಧಿಯಂತೆ ಮದುವೆಯಾಗಬೇಕು. ಕುಂಬಳಕಾಯಿ ಸಾರೋಟಾಗುವುದಕ್ಕಿಂತ ಇದು ಹೆಚ್ಚು ರೋಮಾಂಚಕ. ಉಡುಪಿಗೂ ಶಾಸ್ತ್ರದಲ್ಲೇ ಆಧಾರವಿದೆ. ಯಹೂದಿ ಪಂಚಾಂಗದ ಆವ್ ಮಾಸದ ಹದಿನೈದರಂದು ಜೆರುಸಲೇಮಿನ ಹುಡುಗಿಯರು ಎರವಲು ತಂದ ಬಿಳಿ ಬಟ್ಟೆ ಉಟ್ಟು ದ್ರಾಕ್ಷಿತೋಟಗಳಲ್ಲಿ ಕುಣಿಯುತ್ತಿದ್ದರು ಎನ್ನುತ್ತದೆ ಹಲಾಖಾದ ಹಳೆಯ ಸಂಗ್ರಹವಾದ ಮಿಶ್ನಾ. ಎಲ್ಲರೂ ಎರವಲೇ ಉಡಬೇಕು, ಇಲ್ಲದವಳಿಗೆ ನಾಚಿಕೆಯಾಗಬಾರದು ಎಂಬುದು ಕಾರಣ.

ಈಗ ನೃತ್ಯಕೂಟ. ಮುಖವಾಡ ಬೇಕು, ಗುರುತು ಮರೆಯಾಗಬೇಕು, ಗಂಡು ಹೆಣ್ಣು ಬೆರೆಯಲು ಸ್ವಲ್ಪ ಸಡಿಲವಿರಬೇಕು. ಇವೆಲ್ಲವೂ ಒಂದೇ ದಿನ ಸಿಗುವುದು ಪೂರಿಮ್‌ನಲ್ಲಿ, ಅದಾರ್ ಮಾಸದ 14ರಂದು. ವೇಷ, ನಾಟಕ, ಕುಡಿತ ಎಲ್ಲಕ್ಕೂ ಅಂದು ಮಾಫಿ. ಯಹೂದಿ ದಿನ ಸೂರ್ಯಾಸ್ತಕ್ಕೆ ಶುರುವಾಗುವುದರಿಂದ ಪೂರಿಮ್ ರಾತ್ರಿ ಅಂದರೆ 13 ಮುಗಿದ ಸಂಜೆ. ಅಧಿಕ ಮಾಸ ಬಂದ ವರ್ಷ ಎರಡು ಅದಾರ್‌ಗಳಿರುತ್ತವೆ, ಹಬ್ಬ ಎರಡನೆಯದರಲ್ಲಿ. 19 ವರ್ಷಕ್ಕೆ ಇಂಥ 7 ವರ್ಷ ಬರುತ್ತವೆ. ಮಾಸಗಳು ಚಾಂದ್ರಮಾನದವು, ಆದ್ದರಿಂದ ಪೂರಿಮ್ ರಾತ್ರಿ ಹೆಚ್ಚುಕಡಿಮೆ ಹುಣ್ಣಿಮೆ. ಆ ರಾತ್ರಿ ನಾಯಕಿ ಕಗ್ಗತ್ತಲಲ್ಲಿ ಗುರುತು ಸಿಗದಂತೆ ಓಡಿಹೋದಳು ಎಂದು ಬರೆದರೆ ತಿಳಿದ ಓದುಗರು ನಗುತ್ತಾರೆ. ಪಸ್ಕ, ಸುಕ್ಕೋತ್ ಕೂಡ ಹುಣ್ಣಿಮೆಯವೇ. ಕತ್ತಲೆ ಬೇಕೇಬೇಕೆಂದರೆ ಹನುಕ್ಕಾ ಇದೆ, ಕಿಸ್ಲೇವ್ 25ರಿಂದ ಎಂಟು ರಾತ್ರಿ, ನಡುವೆ ಅಮಾವಾಸ್ಯೆ.

ಹನ್ನೆರಡು ಗಂಟೆಯ ಗಡುವಿಗೆ ವೆನಿಸ್ ಹೇಳಿ ಮಾಡಿಸಿದ ಜಾಗ. ಅಲ್ಲಿನ ಗೆಟ್ಟೋ, ಅಂದರೆ ಯಹೂದಿಗಳನ್ನು ಕೂಡಿಹಾಕಿದ ಕೇರಿ, ಹುಟ್ಟಿದ್ದು 1516ರಲ್ಲಿ. ಬೆಳಿಗ್ಗೆ ಸಂತ ಮಾರ್ಕನ ಗೋಪುರದ ಮಾರಂಗೋನಾ ಗಂಟೆ ಬಾರಿಸಿದಾಗ ಬಾಗಿಲು ತೆರೆಯುತ್ತಿತ್ತು, ರಾತ್ರಿ ಮುಚ್ಚುತ್ತಿತ್ತು. ಕ್ರೈಸ್ತ ಕಾವಲುಗಾರರ ಸಂಬಳವನ್ನು ಒಳಗಿದ್ದ ಯಹೂದಿಗಳೇ ಕೊಡಬೇಕಿತ್ತು. 1797ರಲ್ಲಿ ನೆಪೋಲಿಯನ್ನನ ಸೈನ್ಯ ಬಂದಮೇಲೆ ಬಾಗಿಲುಗಳು ಹೋದವು. ಬಹಳ ಜನ ಮುಗ್ಗರಿಸುವುದು ಮುಚ್ಚುವ ಹೊತ್ತಿನಲ್ಲಿ. ಹಳೆಯ ಇಟಲಿಯಲ್ಲಿ ಗಂಟೆಗಳನ್ನು ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ಎಣಿಸುತ್ತಿದ್ದರು, ಬಾಗಿಲು ಮುಚ್ಚಬೇಕಿದ್ದ ‘ಇಪ್ಪತ್ತನಾಲ್ಕನೇ ಗಂಟೆ’ ಎಂದರೆ ಸೂರ್ಯ ಮುಳುಗುವ ಹೊತ್ತು. ಇದನ್ನು ಮಧ್ಯರಾತ್ರಿ ಎಂದು ಓದಿಕೊಂಡ ಕಾದಂಬರಿಗಳಿವೆ. ಆಮೇಲೆ ಸಡಿಲಿಸಿದ್ದೂ ಬೇಸಿಗೆಯಲ್ಲಿ ಕತ್ತಲಾದ ಒಂದು ಗಂಟೆಯವರೆಗೆ, ಚಳಿಗಾಲದಲ್ಲಿ ಎರಡು ಗಂಟೆಯವರೆಗೆ ಅಷ್ಟೇ. ಫೆಬ್ರವರಿಯ ಕಾರ್ನಿವಲ್ ಕಾಲದಲ್ಲಿ ನಮ್ಮ ಗಡಿಯಾರದ ಏಳೂವರೆ ಎಂಟಕ್ಕೆಲ್ಲ ಬಾಗಿಲು ಬಿದ್ದಿರುತ್ತದೆ, ಅರಮನೆಯಲ್ಲಿ ಪಿಟೀಲಿಗೆ ಶ್ರುತಿ ಕೂಡಿಸುತ್ತಿರುವ ಹೊತ್ತಿಗೆ. ಹಾಗಾದರೆ ನಾಯಕಿ ಹೊರಗೆ ಹೇಗೆ ಉಳಿದಳು? ರಾತ್ರಿ ಹೊರಹೋಗಲು ಯಹೂದಿ ವೈದ್ಯರಿಗೆ ರಿಯಾಯಿತಿ ಇತ್ತು. ವೈದ್ಯನ ಸಹಾಯಕನ ವೇಷ ಹಾಕಿಸಿ, ಗಡುವನ್ನು ವೈದ್ಯನ ದೋಣಿ ಹಿಂದಿರುಗುವ ಹೊತ್ತಿಗೆ ಕಟ್ಟಿ. ಅಥವಾ ಇನ್ನೂ ಸುಲಭವಾಗಿ, ಕುಣಿತವನ್ನು ಗೆಟ್ಟೋ ಒಳಗೇ ಇಟ್ಟು, ರಾಜಕುಮಾರನನ್ನು ಹೊರಗೆ ಹೋಗಲಾಗದಂತೆ ಸಿಕ್ಕಿಸಿ.

ಇನ್ನು ಚಪ್ಪಲಿ. ಇದನ್ನು ಹಾಗೇ ಉಳಿಸಿಕೊಳ್ಳುವುದು ಅಪಾಯ, ಯಾಕೆಂದರೆ ಯಹೂದಿ ವಿಧಿಯಲ್ಲಿ ಪಾದರಕ್ಷೆ ಬೆಸೆಯುವುದಿಲ್ಲ, ಬಿಡಿಸುತ್ತದೆ. ಮಕ್ಕಳಿಲ್ಲದೆ ಸತ್ತವನ ಹೆಂಡತಿ ಮೈದುನನಿಗೆ ಕಟ್ಟುಬಿದ್ದಿರುತ್ತಾಳೆ. ಆ ಕಟ್ಟಿನಿಂದ ಬಿಡುಗಡೆಯಾಗಲು ಮೂವರು ನ್ಯಾಯಾಧೀಶರ ಮುಂದೆ ಅವನ ಬಲಗಾಲಿನ ತೊಗಲಿನ ಪಾದರಕ್ಷೆ ಬಿಚ್ಚಿ, ಅವನ ಮುಂದೆ ಉಗುಳಬೇಕು. ಹಲೀತ್ಸಾ ಎಂಬ ಈ ವಿಧಿಯನ್ನು ಬಳಸಿ ಸಿಂಡ್ರೆಲ್ಲಾಳನ್ನು ತರುಣ ವಿಧವೆಯಾಗಿಸಬಹುದು. ಮೈದುನ ಊರೂರು ಅಲೆಯುವವನು, ಅವನನ್ನು ಹುಡುಕಿ ಕಾಲು ಮುಂದಿಡಿಸಿದರೇನೇ ಅವಳು ಬೇರೊಬ್ಬನನ್ನು ಕಟ್ಟಿಕೊಳ್ಳಬಹುದು. ಕಥೆ ತಲೆಕೆಳಗಾಗುತ್ತದೆ, ಹುಡುಕುವವಳು ಅವಳೇ.

ಆದರೆ ಚಪ್ಪಲಿಗಿಂತ ಗಟ್ಟಿ ಯಂತ್ರ ಉಂಗುರ. ಪ್ರಾಯಕ್ಕೆ ಬಂದ ಇಬ್ಬರು ಯಹೂದಿ ಗಂಡಸರು ಸಾಕ್ಷಿಯಾಗಿ ನೋಡುತ್ತಿರುವಾಗ, ಗಂಡು ತನ್ನ ಸ್ವಂತದ ವಸ್ತುವೊಂದನ್ನು, ಕನಿಷ್ಠ ಒಂದು ಪೆರುಟಾ (ಅತಿ ಚಿಕ್ಕ ತಾಮ್ರದ ನಾಣ್ಯ) ಬೆಲೆಯದು, “ಮೋಶೆಯ ಮತ್ತು ಇಸ್ರಾಯೇಲಿನ ಕಟ್ಟಳೆಯಂತೆ ನೀನು ನನಗೆ ಮೀಸಲಾದವಳು” ಎಂದು ಹೇಳಿ ಕೊಟ್ಟು, ಹೆಣ್ಣು ಅದನ್ನು ಒಪ್ಪಿ ತೆಗೆದುಕೊಂಡರೆ ನಿಶ್ಚಯ, ಅಂದರೆ ವಿಚ್ಛೇದನವಿಲ್ಲದೆ ಬಿಡಿಸಲಾಗದ ಕಟ್ಟು, ಬಿದ್ದಂತೆ. ಸಾಕ್ಷಿಗಳು ವಧೂವರರಿಗೂ ಪರಸ್ಪರರಿಗೂ ನೆಂಟರಾಗಿರಬಾರದು. ಪೂರಿಮ್‌ನ ಕುಡಿತದಲ್ಲಿ ತಮಾಷೆಗೆ ಹೀಗೆ ಮಾಡಿದರೂ ರಬ್ಬಿಗಳು ನಗುವುದಿಲ್ಲ, ಸಂಶಯದ ನಿಶ್ಚಯವೆಂದಾದರೂ ಎಣಿಸಿ ವಿಚ್ಛೇದನ ಪತ್ರ ಕೇಳುತ್ತಾರೆ. ಮುಖವಾಡದ ಹುಡುಗ ಮುಖವಾಡದ ಹುಡುಗಿಗೆ ಉಂಗುರ ತೊಡಿಸಿದ, ಅವಳು ನಗುತ್ತ ತೊಟ್ಟಳು, ಓಡಿದಳು. ಬೆಳಿಗ್ಗೆ ಇಬ್ಬರೂ ಸಿಕ್ಕಿಬಿದ್ದವರು. ಅವಳು ಬೇರೆಯವನನ್ನು ಮದುವೆಯಾಗುವಂತಿಲ್ಲ. ಸುಮಾರು ಸಾವಿರನೇ ಇಸವಿಯ ಧರ್ಮಗುರು ರಬ್ಬೇನು ಗೆರ್ಶೋಮ್ ಅವರ ಬಹುಪತ್ನಿತ್ವ ನಿಷೇಧದಿಂದಾಗಿ ಅಶ್ಕೆನಾಜಿಗಳಲ್ಲಿ (ಜರ್ಮನಿ, ಪೂರ್ವ ಯುರೋಪಿನ ಯಹೂದಿಗಳಲ್ಲಿ) ಅವನಿಗೂ ಎರಡನೆಯವಳನ್ನು ತರುವ ದಾರಿಯಿಲ್ಲ. ಗೆಟ್ ಅಂದರೆ ಆ ವಿಚ್ಛೇದನ ಪತ್ರವನ್ನು ಹನ್ನೆರಡು ಸಾಲಿನಲ್ಲಿ ಬರೆಸಿ, ಇಬ್ಬರ ಹೆಸರು, ಅಡ್ಡಹೆಸರು, ಊರು, ಊರಿನ ನದಿಯ ಹೆಸರನ್ನೂ ಹಾಕಿ, ಅವಳ ಕೈಗೆ ತಲುಪಿಸಬೇಕು. ಅವಳ ಹೆಸರೇ ಗೊತ್ತಿಲ್ಲದವನು ಏನು ಬರೆಸುತ್ತಾನೆ? ಹಾಗಾಗಿ ಊರೆಲ್ಲ ಹುಡುಕುತ್ತಾನೆ, ಬಿಟ್ಟುಬಿಡುವುದಕ್ಕೆ. ಸಿಕ್ಕಮೇಲೆ ಬಿಡಲಾಗುವುದಿಲ್ಲ. ಇದರಷ್ಟು ಸಲೀಸಾಗಿ ರೊಮಾನ್ಸಿಗೆ ಒಗ್ಗುವ ಕಟ್ಟಳೆ ಇನ್ನೊಂದನ್ನು ತೋರಿಸುವುದು ಕಷ್ಟ. ಒಂದೇ ಎಚ್ಚರ: ಉಂಗುರ ಎರವಲಿನದಾಗಿದ್ದರೆ, ಸಾಕ್ಷಿಗಳಲ್ಲಿ ಒಬ್ಬ ಅವನ ತಮ್ಮನಾಗಿದ್ದರೆ ಇಡೀ ಕಥೆ ಕುಸಿಯುತ್ತದೆ. ಬೇಕೆಂದೇ ಆ ದೋಷವನ್ನು ಮೊದಲೇ ಬಚ್ಚಿಟ್ಟು ಕೊನೆಗೆ ತೆರೆದರೆ ಮಾತ್ರ ಲಾಭ: ಕಟ್ಟೇ ಇರಲಿಲ್ಲ ಎಂದು ತಿಳಿದಮೇಲೂ ಇಬ್ಬರೂ ಎದ್ದುಹೋಗುವುದಿಲ್ಲ.

ರಾಜಕುಮಾರನನ್ನು ಎಲ್ಲಿಂದ ತರುವುದು? ಇಂಗ್ಲಿಷ್ ರೀಜೆನ್ಸಿ ಕಾಲದ (1811–1820) ಕಥೆಗಳಲ್ಲಿ ಡ್ಯೂಕ್‌ಗಳು ಬೀದಿಗೊಬ್ಬರು. ಯಹೂದಿ ಡ್ಯೂಕ್ ಮಾತ್ರ ಅಲ್ಲಿ ಸಾಧ್ಯವಿಲ್ಲ. ಯಹೂದಿಯೊಬ್ಬನಿಗೆ ಬ್ಯಾರೊನೆಟ್ ಪದವಿ ಸಿಕ್ಕಿದ್ದು 1841ರಲ್ಲಿ, ಸಂಸತ್ತಿನ ಕೆಳಮನೆಯಲ್ಲಿ ಲಯೊನೆಲ್ ರಾಥ್ಸ್‌ಚೈಲ್ಡ್ ಕೂತದ್ದು 1858ರಲ್ಲಿ, ಮೇಲ್ಮನೆಗೆ ಅವನ ಮಗ ಹೋದದ್ದು 1885ರಲ್ಲಿ. ಡ್ಯೂಕ್ ಕ್ರೈಸ್ತನಾದರೆ ಮದುವೆ ಎಲ್ಲಿ? ಇಂಗ್ಲೆಂಡಿನ 1753ರ ವಿವಾಹ ಕಾಯ್ದೆ ಯಹೂದಿಗಳಿಬ್ಬರ ಮದುವೆಯನ್ನು ಅವರ ವಿಧಿಗೇ ಬಿಟ್ಟಿತ್ತು. ಯಹೂದಿ ಮತ್ತು ಕ್ರೈಸ್ತರ ಮದುವೆ ಊರ್ಜಿತವಾಗಬೇಕಾದರೆ ಚರ್ಚಿನಲ್ಲೇ ಆಗಬೇಕು. ರಿಜಿಸ್ಟ್ರಾರ್ ಕಚೇರಿ ಬಂದದ್ದು 1837ರಲ್ಲಿ. ನಾಯಕಿ ಬಲಿಪೀಠದ ಮುಂದೆ ನಿಂತು ಮದುವೆಯಾದರೆ ಅದು ಯಹೂದಿ ಓದುಗರಿಗೆ ಸುಖಾಂತ್ಯವಲ್ಲ. ಆದ್ದರಿಂದ ಲಂಡನ್ ಬೇಕಾದರೆ ರಾಜಕುಮಾರ ಬ್ಯಾಂಕರ್ ಆಗಲಿ, ಹಡಗಿನ ವ್ಯಾಪಾರಿಯಾಗಲಿ, 1790ರ ದಶಕದಲ್ಲಿ ಹೆಸರು ಮಾಡಿದ ಡೇನಿಯಲ್ ಮೆಂಡೋಜಾನಂಥ ಮುಷ್ಟಿಮಲ್ಲನಾಗಲಿ. ಬೆವಿಸ್ ಮಾರ್ಕ್ಸ್ ಸಿನಗಾಗ್ ಎಂಬ ಪ್ರಾರ್ಥನಾಮಂದಿರ (1701) ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿ ಯಹೂದಿಗಳದು, ಡ್ಯೂಕ್ಸ್ ಪ್ಲೇಸ್‌ನದು ಅಶ್ಕೆನಾಜಿಗಳದು. ಇವೆರಡರ ನಡುವಿನ ಮದುವೆಯೇ ಆ ಕಾಲಕ್ಕೆ ದೊಡ್ಡ ಸುದ್ದಿ. 1812ರಲ್ಲಿ ಮೋಸೆಸ್ ಮಾಂಟಿಫಿಯೋರೆ ಅಶ್ಕೆನಾಜಿ ಮನೆತನದ ಜೂಡಿತ್ ಕೋಹೆನ್‌ಳನ್ನು ಮದುವೆಯಾದದ್ದು ಹಾಗೇ. ನಿಜವಾದ ಯಹೂದಿ ಡ್ಯೂಕ್ ಬೇಕೇಬೇಕೆಂದರೆ ಇಸ್ತಾಂಬುಲ್‌ಗೆ ಹೋಗಿ: ಎರಡನೇ ಸೆಲೀಮ್ ಸುಲ್ತಾನ 1566ರಲ್ಲಿ ಜೋಸೆಫ್ ನಾಸಿಯನ್ನು ನ್ಯಾಕ್ಸೋಸ್ ದ್ವೀಪದ ಡ್ಯೂಕ್ ಮಾಡಿದ. ಅವನ ಹೆಂಡತಿ ರೇಯ್ನಾ, ಪೋರ್ಚುಗಲ್ಲಿನಿಂದ ತಪ್ಪಿಸಿಕೊಂಡು ಬಂದ ಗ್ರಾಸಿಯಾ ನಾಸಿಯ ಮಗಳು. ಗಂಡ ಸತ್ತಮೇಲೆ ಅವಳು ಹೀಬ್ರೂ ಮುದ್ರಣಾಲಯ ನಡೆಸಿದಳು. ಈ ಡಚೆಸ್ ಮೇಲೆ ಹೆಚ್ಚು ಕಾದಂಬರಿಗಳು ಬರಬೇಕಿತ್ತು.

ಮೂರನೇ ಮಗ ಅದೃಷ್ಟ ಹುಡುಕಿ ಹೊರಡುವ ಕಥೆಗಳಿಗೆ ಬೊಹೀಮಿಯಾ, ಮೊರಾವಿಯಾ (ಇಂದಿನ ಚೆಕ್ ದೇಶದ ಭಾಗಗಳು) ಬಿಟ್ಟು ಬೇರೆಡೆ ನೋಡಬೇಕಿಲ್ಲ. 1726–27ರ ಫಮಿಲಿಯಾಂಟ್ ಕಾನೂನು ಬೊಹೀಮಿಯಾದಲ್ಲಿ 8,541, ಮೊರಾವಿಯಾದಲ್ಲಿ 5,106 ಯಹೂದಿ ಕುಟುಂಬಗಳಿಗೆ ಮಾತ್ರ ಜಾಗ ಕೊಟ್ಟಿತ್ತು. ಅಪ್ಪನ ಸಂಖ್ಯೆ ದೊಡ್ಡ ಮಗನಿಗೆ, ಅವನೊಬ್ಬನೇ ಮದುವೆಯಾಗಬಹುದು. ಉಳಿದವರು ಗಂಡುಮಕ್ಕಳಿಲ್ಲದೆ ಸತ್ತವನ ಸಂಖ್ಯೆಗಾಗಿ ಕಾಯಬೇಕು, ಇಲ್ಲವೇ ದೇಶ ಬಿಡಬೇಕು, ಇಲ್ಲವೇ ಅಟ್ಟದ ಮೇಲೆ ಗುಟ್ಟಾಗಿ ಮದುವೆಯಾಗಬೇಕು. ಆ ಮದುವೆ ಧರ್ಮಕ್ಕೆ ಸರಿ, ಸರ್ಕಾರದ ಲೆಕ್ಕದಲ್ಲಿ ಮಕ್ಕಳು ಅಕ್ರಮ. 1848ರ ಕ್ರಾಂತಿಯವರೆಗೆ ಇದು ನಡೆಯಿತು. ಫ್ರಾಂಕ್‌ಫರ್ಟಿನ ಯಹೂದಿ ಕೇರಿಯಾದ ಯೂಡನ್‌ಗಾಸೆಯಲ್ಲಿ 1616ರ ಕಟ್ಟಳೆ 500 ಕುಟುಂಬಗಳನ್ನು, ವರ್ಷಕ್ಕೆ 12 ಮದುವೆಗಳನ್ನು ಗೊತ್ತು ಮಾಡಿತ್ತು. ಹದಿಮೂರನೇ ಜೋಡಿಯ ಕಥೆ ತಾನಾಗಿ ಬರೆದುಕೊಳ್ಳುತ್ತದೆ.

ರಪುಂಜೆಲ್‌ಗೆ ಗ್ರಿಮ್ ಸೋದರರ 1812ರ ಪುಸ್ತಕವೇ ಬೇಕಿಲ್ಲ. ಮಗಳು ಕಡುಬಡವನನ್ನು ಮದುವೆಯಾಗುತ್ತಾಳೆಂದು ನಕ್ಷತ್ರಗಳಲ್ಲಿ ಕಂಡ ಸೊಲೊಮೋನ ಅವಳನ್ನು ಸಮುದ್ರದ ಗೋಪುರದಲ್ಲಿ ಕೂಡಿಹಾಕಿದ ಮಿದ್ರಾಷ್ (ಧರ್ಮಗ್ರಂಥದ ಹಳೆಯ ವ್ಯಾಖ್ಯಾನ) ಕಥೆಯಿದೆ. ಚಳಿಗೆ ಎತ್ತಿನ ಹೆಣದೊಳಗೆ ಮಲಗಿದ ಬಡ ಹುಡುಗನನ್ನು ಹಕ್ಕಿಯೊಂದು ಎತ್ತಿ ತಂದು ಗೋಪುರದ ಮಾಡಿನ ಮೇಲೆ ಇಳಿಸುತ್ತದೆ. ಅವನು ತನ್ನ ರಕ್ತದಲ್ಲೇ ಕೆತೂಬಾ ಬರೆಯುತ್ತಾನೆ, ಸಾಕ್ಷಿ ದೇವರು ಮತ್ತು ಇಬ್ಬರು ದೇವದೂತರು. ‘ಸುಂದರಿ ಮತ್ತು ಮೃಗ’ದ ಕಥೆಗೆ 1602ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಯಿಡ್ಡಿಷ್ ‘ಮಾಸೆ ಬೂಖ್’ ನೋಡಿ, ಹೆಂಡತಿಯೇ ತೋಳವಾಗಿಸಿದ ರಬ್ಬಿಯೊಬ್ಬ ಅಲ್ಲಿದ್ದಾನೆ. ಆ ಕಥೆಯಲ್ಲಿ ಹೆಂಡತಿಗೆ ಕಡೆಗೆ ಕತ್ತೆಯ ಜನ್ಮ, ಹಾಗಾಗಿ ರೊಮಾನ್ಸ್ ಮಾಡಲು ಮುರಿದು ಕಟ್ಟಬೇಕು. ಗುಲಾಬಿ ಕಿತ್ತ ತಪ್ಪಿಗೆ ಅಪ್ಪ ಮಗಳನ್ನು ಒಪ್ಪಿಸುವ ಭಾಗ ಇನ್ನೂ ಸೂಕ್ಷ್ಮ. ಮಗಳು ದೊಡ್ಡವಳಾಗಿ “ಇಂಥವನು ನನಗೆ ಬೇಕು” ಎನ್ನುವವರೆಗೆ ಅಪ್ಪ ಅವಳನ್ನು ನಿಶ್ಚಯಿಸಬಾರದು ಎನ್ನುತ್ತದೆ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್. ಗಡಿಪಾರಿನ ಕಷ್ಟದಿಂದಾಗಿ ಜನ ಚಿಕ್ಕ ಮಗಳನ್ನೂ ನಿಶ್ಚಯಿಸಿಬಿಡುತ್ತಿದ್ದಾರೆ ಎಂದು ಮಧ್ಯಯುಗದ ಫ್ರಾನ್ಸಿನ ವ್ಯಾಖ್ಯಾನಕಾರರು ಒಪ್ಪಿಕೊಂಡರು. ಈ ಎರಡು ಮಾತುಗಳ ನಡುವೆ ಅಪ್ಪ ಒದ್ದಾಡಬೇಕು.

ಒಣಹುಲ್ಲನ್ನು ಚಿನ್ನವಾಗಿ ನೂಲುವ ಗ್ರಿಮ್ ಕಥೆಯ ರಂಪೆಲ್‌ಸ್ಟಿಲ್ಟ್‌ಸ್ಕಿನ್‌ನನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಿ. ಕುಳ್ಳ, ವಿಚಿತ್ರ ಹೆಸರಿನವ, ಚಿನ್ನದ ವ್ಯವಹಾರ, ಕ್ರೈಸ್ತ ತಾಯಿಯ ಮಗುವನ್ನು ಕೇಳುತ್ತಾನೆ. ಯಹೂದಿಗಳ ಮೇಲಿನ ಹಳೆಯ ಅಪವಾದಗಳೆಲ್ಲ ಒಬ್ಬನಲ್ಲೇ ಕೂಡಿವೆ. ಅದೇ ಗ್ರಿಮ್ ಸಂಗ್ರಹದಲ್ಲಿ ಯಹೂದಿಯೊಬ್ಬನನ್ನು ಮುಳ್ಳಿನ ಪೊದೆಯಲ್ಲಿ ಕುಣಿಸಿ ಕೊನೆಗೆ ಗಲ್ಲಿಗೇರಿಸುವ ಕಥೆಯೂ ಇದೆ. ಬರೆಯುವುದಾದರೆ ಅವನ ಕಡೆಯಿಂದಲೇ ಬರೆಯಬೇಕು: ಸಾಲ ಕೊಟ್ಟವನು, ಮಾತಿಗೆ ತಕ್ಕಂತೆ ವಾಪಸು ಕೇಳಿದವನು. ಕೆಂಪು ಟೊಪ್ಪಿಗೆಯ ಹುಡುಗಿಯದು ಸಣ್ಣ ವಿಷಯ. ಅವಳು ಶನಿವಾರ ಬುಟ್ಟಿ ಹಿಡಿದು ಕಾಡಿಗೆ ಹೋಗುವಂತಿಲ್ಲ. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ ಹೊರಗೆ ಹೊರೆ ಒಯ್ಯಬಾರದು, ಊರಿನ ಅಂಚಿನಿಂದ 2,000 ಮೊಳ, ಸುಮಾರು ಒಂದು ಕಿಲೋಮೀಟರ್ ದಾಟಬಾರದು.

ಪ್ರಣಯದ ದೃಶ್ಯಗಳಿಗೆ ಬಂದರೆ, ಮದುವೆಯಾಗದ ಗಂಡುಹೆಣ್ಣು ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಇರುವುದು ನಿಷಿದ್ಧ. ಬಾಗಿಲು ಅರ್ಧ ತೆರೆದಿದೆಯೇ ಎಂಬುದೇ ಒಂದು ಪುಟದ ಉದ್ವೇಗ. ಬಹಳ ಲೇಖಕಿಯರು ಮರೆಯುವುದು ಮೊದಲ ರಾತ್ರಿಯ ಮರುದಿನ: ಕನ್ಯಾರಕ್ತದ ಕಾರಣಕ್ಕೆ ದಂಪತಿ ದೂರವಾಗಬೇಕು, ಏಳು ಶುದ್ಧ ದಿನ ಎಣಿಸಿ ಮಿಕ್ವೆ ಎಂಬ ಶುದ್ಧಿಸ್ನಾನದ ಕೊಳದಲ್ಲಿ ಮುಳುಗುವವರೆಗೆ ಮುಟ್ಟುವಂತಿಲ್ಲ, ಅಶ್ಕೆನಾಜಿ ರೂಢಿಯಲ್ಲಿ ಒಟ್ಟು ಹನ್ನೊಂದು ದಿನ. ಒತ್ತಾಯದ ಮದುವೆಯ ಕಥಾನಕದಲ್ಲಿ ಇದು ಬಂಗಾರ. ಆ ಹನ್ನೊಂದು ದಿನ ಅವರಿಬ್ಬರೂ ಮಾತಾಡಲೇಬೇಕು.

ಕೆಲವು ಬಿಡಿ ಎಡವುಗಳು. ಸೂರ್ಯಾಸ್ತಕ್ಕೆ ಈಗಿನ ಪಟ್ಟಿ ನೋಡಿದರೆ ಜೂನ್ ಕೊನೆಯ ಲಂಡನ್ನಿಗೆ ರಾತ್ರಿ 9.20 ಎನ್ನುತ್ತದೆ, ಆದರೆ ಬೇಸಿಗೆ ಸಮಯ ಬ್ರಿಟನ್ನಿಗೆ ಬಂದದ್ದು 1916ರಲ್ಲಿ. ರೀಜೆನ್ಸಿ ನಾಯಕಿಗೆ 8.20ಕ್ಕೆ ಸಂಜೆ, ಶನಿವಾರದ ಕುಣಿತಕ್ಕೆ ಹೊರಡಲು, ಸಬ್ಬತ್ ಮುಗಿಯಿತೆಂದು ಹೇಳುವ ಮೂರು ನಕ್ಷತ್ರ ಕಾಣುವವರೆಗೆ ಇನ್ನೊಂದು ಗಂಟೆಯಾದರೂ ಕಾಯಬೇಕು. ಡಿಸೆಂಬರಿನಲ್ಲಿ ನಾಲ್ಕರ ಹೊತ್ತಿಗೇ ಸೂರ್ಯಾಸ್ತ. ಇಂಗ್ಲೆಂಡಿನ 1752ಕ್ಕೆ ಮೊದಲಿನ ದಿನಾಂಕಗಳು ಹಳೆಯ ಜೂಲಿಯನ್ ಲೆಕ್ಕದವು, ಹದಿನೆಂಟನೇ ಶತಮಾನದಲ್ಲಿ 11 ದಿನ ಹಿಂದೆ. ರಷ್ಯಾದವು 1918ರವರೆಗೂ ಜೂಲಿಯನ್ ಲೆಕ್ಕದವೇ. ಪರಿವರ್ತಕ ತಂತ್ರಾಂಶಕ್ಕೆ ಇದನ್ನು ಹೇಳದಿದ್ದರೆ ಪೂರಿಮ್ ತಪ್ಪು ವಾರಕ್ಕೆ ಬೀಳುತ್ತದೆ. ಪಸ್ಕ ಮತ್ತು ಶಾವೂಓತ್ ನಡುವಿನ ಎಣಿಕೆಯ ದಿನಗಳಲ್ಲಿ, 33ನೇ ದಿನ ಬಿಟ್ಟರೆ, ಮದುವೆ ಮಾಡುವುದಿಲ್ಲ (ಎಷ್ಟು ದಿನ ಎಂಬುದರಲ್ಲಿ ಊರೂರಿಗೆ ವ್ಯತ್ಯಾಸವಿದೆ). ತಮ್ಮೂಜ್ 17ರಿಂದ ಆವ್ 9ರವರೆಗಿನ ಮೂರು ವಾರವೂ ಇಲ್ಲ. ಮೇ ತಿಂಗಳ ಹೂವಿನ ಮದುವೆ ಬರೆಯುವವರು ಇಲ್ಲೇ ಬೀಳುತ್ತಾರೆ. ಆಸ್ಟ್ರಿಯಾದ 1787ರ ಆಜ್ಞೆಗೆ ಮೊದಲು ಗಲೀಷಿಯಾದ ಹಳ್ಳಿಹುಡುಗಿಗೆ ಮನೆತನದ ಹೆಸರು ಅಂಟಿಸಬೇಡಿ, ಇಂಥವರ ಮಗಳು ಎಂದರೆ ಸಾಕು. ಅಶ್ಕೆನಾಜಿಗಳು ಬದುಕಿರುವ ಅಜ್ಜನ ಹೆಸರನ್ನು ಮಗುವಿಗಿಡುವುದಿಲ್ಲ, ಸೆಫಾರ್ದಿಗಳು ಇಡುತ್ತಾರೆ. ಹದಿನೇಳನೇ ಶತಮಾನದ ಪೋಲೆಂಡಿನಲ್ಲಿ ಆಲೂಗಡ್ಡೆ ಲಾಟ್ಕೆ ಇಲ್ಲ. ಬೇಗಲ್ ಇರಲಿ, ಕ್ರಾಕೋವ್‌ನ 1610ರ ದಾಖಲೆಯಲ್ಲೇ ಅದರ ಹೆಸರಿದೆ. ಮಲತಾಯಿ ಪ್ರೇಮಪತ್ರ ಕದ್ದು ಓದುವ ದೃಶ್ಯವಿದ್ದರೆ, ಬೇರೆಯವರ ಕಾಗದ ಒಡೆಯುವುದಕ್ಕೂ ರಬ್ಬೇನು ಗೆರ್ಶೋಮ್ ಅವರ ಹೆಸರಿನ ಬಹಿಷ್ಕಾರವಿತ್ತು, ಲಕೋಟೆಯ ಮೇಲೆ ಅದರ ಸಂಕ್ಷಿಪ್ತಾಕ್ಷರ ಬರೆಯುತ್ತಿದ್ದರು ಎಂಬುದು ನೆನಪಿರಲಿ. ಅವಳು ಆ ಅಕ್ಷರಗಳನ್ನು ನೋಡಿಯೇ ಒಡೆಯಲಿ.

ಕೊನೆಗೆ ಇಸವಿ. ರೊಮಾನ್ಸ್ ಎಂದಮೇಲೆ ಸುಖಾಂತ್ಯ ಕಡ್ಡಾಯ, ಆದರೆ ಈ ಪ್ರಕಾರದ ಓದುಗರು ಕೊನೆಯ ಪುಟ ಮಡಚಿದಮೇಲೂ ಎಣಿಸುತ್ತಾರೆ. 1912ರ ಥೆಸಲೊನೀಕಿಯಲ್ಲಿ ಇಪ್ಪತ್ತರ ವಧು 1943ರಲ್ಲಿ ಐವತ್ತೊಂದರವಳು, ಊರಿನ ಯಹೂದಿಗಳನ್ನು ನಾಜಿಗಳು ರೈಲಿಗೆ ತುಂಬಿದ ವರ್ಷ. 1491ರ ಸ್ಪೇನಿನ ಮದುವೆಗೆ ಒಂದೇ ವರ್ಷದ ಆಯುಷ್ಯ, 1492ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಹಾಕಿದರು. ಇಂಥ ಇಸವಿ ಆರಿಸಿದರೆ ಹಡಗಿನ ಚೀಟಿ ಕಥೆಯೊಳಗೇ ಇರಬೇಕು, ಅದೂ ಕೊನೆಯ ಅಧ್ಯಾಯದಲ್ಲಿ ಧೊಪ್ಪೆಂದು ಬೀಳದೆ ಮೊದಲ ಮೂರರಲ್ಲೇ ಅಣ್ಣನ ಕಾಗದವಾಗಿಯೋ ಚಿಕ್ಕಪ್ಪನ ಅಂಗಡಿಯಾಗಿಯೋ ಬಂದಿರಬೇಕು. ಅದು ಬೇಡವೆಂದರೆ 1797ರ ವೆನಿಸ್, 1848ರ ಪ್ರಾಗ್, 1858ರ ಲಂಡನ್ ಇವೆ. ಅಲ್ಲಿ ಬಾಗಿಲು ತೆರೆಯುವುದು ಇತಿಹಾಸವೇ, ಲೇಖಕಿ ಮದುವೆಯ ದಿನವನ್ನು ಅದಕ್ಕೆ ಹೊಂದಿಸಿದರಾಯಿತು, ಎಣಿಕೆಯ ದಿನಗಳನ್ನು ತಪ್ಪಿಸಿ.